ನರ್ಸಕ್ಕ ಕಳಿಸಿದ ಜಾಯಿಕಾಯಿ

ಮೊನ್ನೆ ಶಿಕಾರಿಪುರದಲ್ಲಿ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಯಾರೋ ಜಾಯಿಕಾಯಿ ಕೇಳಿದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಪಕ್ಕದ ಮನೆಯ ನರ್ಸಕ್ಕ ನೆನಪಾದರು. ಕೊಳ್ಳಲು ಬಂದದ್ದನ್ನೇ ಮರೆತು ಸುಮ್ಮನೆ ನಿಂತುಬಿಟ್ಟೆ...

ಅವರು ಸೊರಬದ ಉಳವಿ ಕಡೆಯವರು. ಸರ್ಕಾರಿ ಕೆಲಸದಲ್ಲಿ ಊರೂರು ಸುತ್ತಿ ಹೆರಿಗೆ ಮಾಡಿಸಿ, ನಿವೃತ್ತರಾದ ಮೇಲೆ ನಮ್ಮ ಬೀದಿಯಲ್ಲೇ ಉಳಿದರು. ನನ್ನ ತಂಗಿ ಹುಟ್ಟಿದ್ದೂ ಅವರ ಕೈಯಲ್ಲೇ. ಬಾಯಿ ಜೋರು, ಮನಸ್ಸು ಮೆದು. ತಾವು ಹೆರಿಗೆ ಮಾಡಿಸಿದ ಹೆಣ್ಣುಮಗು ದೊಡ್ಡವಳಾಗಿ ತಾನೇ ಬಾಣಂತಿಯಾದರೆ, ಅವಳ ಕೂಸಿಗೆ ತೇಯ್ದು ನೆಕ್ಕಿಸಲು ಬಜೆ, ಜಾಯಿಕಾಯಿ, ಅರಿಶಿನದ ಕೊಂಬು ಕಟ್ಟಿ ಕಳಿಸುವುದು ಅವರ ಪದ್ಧತಿ. ಗಲ್ಫ್‌ನಲ್ಲಿದ್ದ ನನ್ನ ತಂಗಿಗೂ ಪಾರ್ಸೆಲ್ ಹೋಯಿತು.

ಅದಾದ ಸ್ವಲ್ಪ ದಿನಕ್ಕೆ ನರ್ಸಕ್ಕ ಬೆಳಗಿನ ಕಾಫಿಗೆ ಬರುವುದನ್ನು ನಿಲ್ಲಿಸಿದರು. ಕೇಳಿದರೆ ಕಿಟಕಿಯಿಂದಲೇ "ಜ್ವರ, ಬರಬ್ಯಾಡ" ಎಂದರು. ಮರುದಿನ ಗಂಜಿ ಹಿಡಿದು ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಇಸ್ತ್ರಿ ಸೀರೆ ಉಟ್ಟು, ಸಾಹೇಬರ ತಪಾಸಣೆಗೆ ಕುಳಿತವರಂತೆ ಫೋನಿನ ಮುಂದೆ ಕುಳಿತಿದ್ದರು. ಪರದೆಯಲ್ಲಿ ಖಾಕಿ ತೊಟ್ಟ ಹುಡುಗನೊಬ್ಬ "ಅಮ್ಮಾರೆ, ಫೋನ್ ಬಿಟ್ಟು ಏಳಬ್ಯಾಡ್ರಿ" ಎನ್ನುತ್ತಿದ್ದ. ನಮ್ಮದೇ ಕಡೆಯ ಮಾತು! ಫೋನ್ ಕಿತ್ತುಕೊಂಡು ಆರಿಸಿಬಿಟ್ಟೆ.

"ಎಂತ ಮಾಡ್ದೆ ಮಾರಾಯ್ತಿ! ಅಲ್ಲಿ ಹಸಿ ಬಾಣಂತಿನ ಜೈಲಿಗೆ ಹಾಕ್ತಾರೆ!" ಎಂದು ನರ್ಸಕ್ಕ ನನ್ನ ಮೇಲೇ ಎರಗಿದರು.

ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಬಾಯಿ ಬಿಟ್ಟರೆ ಅದನ್ನು ಪಡೆದವಳನ್ನೂ ಹಿಡಿಯುತ್ತೇವೆ ಎಂದು ಪೊಲೀಸರ ವೇಷದ ಕಳ್ಳರು ಹೆದರಿಸಿದ್ದರಂತೆ. ಸಿಕ್ಕಸಿಕ್ಕವರಿಗೆಲ್ಲ ಹೇಳುವ ಸುಳ್ಳು ಅದು. ನರ್ಸಕ್ಕ ಮಾತ್ರ ನಂಬಿದರು. ಜಾಯಿಕಾಯಿ ಹೆಚ್ಚಾದರೆ ಅಮಲೇರುತ್ತದೆ ಎಂದು ಬಾಣಂತಿಯರಿಗೆಲ್ಲ ಎಚ್ಚರಿಸುತ್ತಿದ್ದವರು ಅವರೇ ಅಲ್ಲವೇ! ನನ್ನ ತಂಗಿಯನ್ನು ಉಳಿಸಲೆಂದು, ಕೂಡಿಟ್ಟದ್ದನ್ನೆಲ್ಲ ಆ ಕಳ್ಳರು ಹೇಳಿದ ಖಾತೆಗೆ ಹಾಕಿಬಿಟ್ಟಿದ್ದರು. ತಂಗಿಗೆ ವಿಡಿಯೊ ಕಾಲ್ ಮಾಡಿ, ಮಗು ಆಕಳಿಸುವುದನ್ನು ತೋರಿಸಿದ ಮೇಲೆಯೇ ಅವರು ನಾನು ತಂದ ಗಂಜಿ ಮುಟ್ಟಿದ್ದು. ನನಗೆ ಅಳು ತಡೆಯಲಾಗಲಿಲ್ಲ.

ಕೆಲವು ತಿಂಗಳ ಮೇಲೆ ಟಿವಿಯಲ್ಲಿ ಸುದ್ದಿ ಬಂತು. ನಾಲ್ಕಾರು ದೇಶಗಳ ಪೊಲೀಸರು ಕೈಜೋಡಿಸಿ, ಗಡಿಯಾಚೆ ಬೇಲಿ ಹಾಕಿದ ಕಟ್ಟಡಗಳಿಗೆ ನುಗ್ಗಿದ್ದರು. ಅಲ್ಲಿ, ಟೈಪಿಂಗ್ ಕೆಲಸವೆಂದು ಹುಡುಗರನ್ನು ಕರೆದೊಯ್ದು, ಪಾಸ್‌ಪೋರ್ಟ್ ಕಸಿದು, ಹೊಡೆದು ಬಡಿದು ಇಂಥ ಕರೆಗಳನ್ನು ಮಾಡಿಸುತ್ತಿದ್ದರಂತೆ. ಬಿಡಿಸಿ ತಂದ ನಮ್ಮ ಹುಡುಗರು ಮುಖ ಮುಚ್ಚಿಕೊಂಡು ವಿಮಾನದಿಂದ ಇಳಿದರು. "ಹಾಳಾಗಿ ಹೋಗ್ಲಿ" ಎಂದೆ ನಾನು. ನರ್ಸಕ್ಕ ಟಿವಿಯ ಹತ್ತಿರ ಸರಿದು ಒಬ್ಬೊಬ್ಬರನ್ನೇ ನೋಡಿದರು.

"ಹಂಗನ್ಬ್ಯಾಡ ಕಣೆ. ಆ ಫೋನಿನ ಹುಡ್ಗ, ಪಕ್ಕ ಯಾರೂ ಇಲ್ದಾಗ 'ಬಿಪಿ ಮಾತ್ರೆ ತಗಂಡ್ರಾ ಅಮ್ಮಾರೆ' ಅಂತ ಕೇಳ್ದ. ನಮ್ಮ ಕಡೆ ಹುಡ್ಗ. ನನ್ನ ಕೈಯಲ್ಲೇ ಹುಟ್ಟಿರ್ಬೋದು."

ಎಂಥ ಹೆಂಗಸು! ಆಗ ನನಗೆ ಸಿಟ್ಟೇ ಬಂದಿತ್ತು. ಆಮೇಲೆ ಹೆಚ್ಚು ಕಾಲ ಅವರು ಉಳಿಯಲಿಲ್ಲ. ಎದೆನೋವು ಎಂದವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು...

ನಿನ್ನೆ ನರ್ಸಕ್ಕನ ಬೀಗ ಹಾಕಿದ ಬಾಗಿಲ ಮುಂದೆ ಹಳ್ಳಿಯ ಹೆಂಗಸೊಬ್ಬರು ನಿಂತಿದ್ದರು. ಖಾಕಿ ತೊಟ್ಟಿದ್ದ ಆ ಹುಡುಗನ ತಾಯಿ. ಅಂದು ಫೋನಿನಲ್ಲಿ ನರ್ಸಕ್ಕನಿಂದ ಕೇಳಿ ಬರೆದುಕೊಂಡಿದ್ದ ವಿಳಾಸವನ್ನು ಮಗನೇ ಕೊಟ್ಟಿದ್ದನಂತೆ. ಮನೆಗೆ ಬಂದ ಮೇಲೂ ಮಗ ಸರಿಯಾಗಿ ಉಣ್ಣುವುದಿಲ್ಲ, ಶಿಕಾರಿಪುರದ ನರ್ಸಮ್ಮನ ಶಾಪ ತಟ್ಟಿದೆ ಎನ್ನುತ್ತಾನಂತೆ. "ಅವ್ರು ಒಂದ್ ಮಾತು ಅಂದ್ರ ಅಂವ ಬದುಕ್ತಾನ್ರೀ" ಎಂದರು. ನರ್ಸಕ್ಕ ತೀರಿಕೊಂಡದ್ದನ್ನು ಹೇಳಿದೆ. ಅವರು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಆಮೇಲೆ ಮಗನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

ನರ್ಸಕ್ಕ ಅಂದು ಟಿವಿ ಮುಂದೆ ಆಡಿದ ಮಾತನ್ನು ಒಂದೂ ಬಿಡದೆ ಅವನಿಗೆ ಹೇಳಿದೆ; ಅವರು ಈಗ ಇಲ್ಲವೆಂದು ಮಾತ್ರ ಹೇಳಲಿಲ್ಲ. ಆ ಕಡೆಯಿಂದ, ಅಂದು ಪರದೆಯಿಂದ ಕೇಳಿದ್ದ ಅದೇ ದನಿ ಬಂತು.

"ಒಂದ್ ಸಲ ಅಮ್ಮಾರಿಗೇ ಫೋನ್ ಕೊಡ್ರಿ."