ಬಾಂಬೆ ಡ್ರೆಸ್ಸಿಗೆ ಒಂದು ಕೊಸರು

ಆ ಡ್ರೆಸ್ಸು ಹಸಿರು ಬಣ್ಣದ್ದು ಎಂದು ಬರೆದರೆ ಅವ್ವ ಒಪ್ಪುವುದಿಲ್ಲ. ಅವಳ ಪ್ರಕಾರ ಅದು ನೀಲಿ. ಹಳೆಯ ಡೈರಿ ತೆಗೆದು ನೋಡಿದೆ. ಆ ವಾರದ ಪುಟಗಳಲ್ಲಿ ಬಸ್ಸಿನ ವೇಳೆ ಇದೆ. ಹಾಸ್ಟೆಲಿಗೆ ಒಯ್ಯಬೇಕಾದ ಬಕೆಟ್ಟು, ಬೀಗ, ಶೇಂಗಾ ಚಟ್ನಿಯ ಪಟ್ಟಿ ಇದೆ. ಬಣ್ಣ ಮಾತ್ರ ಇಲ್ಲ. ಇದನ್ನೂ ಬರೆದಿಡಬೇಕೇ, ಇದೆಲ್ಲಿ ಮರೆಯುತ್ತದೆ ಎಂದುಕೊಂಡಿರಬೇಕು. ಹಸಿರೆಂದೇ ಇಟ್ಟುಕೊಂಡು ಮುಂದುವರಿಯುತ್ತೇನೆ. ಎಡ ಬಗಲು, ಅಂದರೆ ಕಂಕುಳ ಭಾಗ, ಕೆಂಪಗಿತ್ತು ಎನ್ನುವುದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಸ್ಕಿಯಿಂದ ಲಿಂಗಸುಗೂರಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿದ್ದೆ. ಎಂ.ಎ.ಗೆ ಗುಲಬರ್ಗಾದಲ್ಲಿ ಸೀಟು ಸಿಕ್ಕಿತ್ತು, ಮುಂದಿನ ಸೋಮವಾರ ಹಾಸ್ಟೆಲ್ ಸೇರಬೇಕಿತ್ತು. ಅಲ್ಲಿ ಎಲ್ಲರೂ ಚೂಡಿದಾರ್ ಹಾಕುತ್ತಾರೆ, ಲಂಗ ದಾವಣಿಯಲ್ಲಿ ಬಂದವರನ್ನು ಸೀನಿಯರ್‌ಗಳು ಮೊದಲ ದಿನವೇ ಗುರುತಿಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ನನ್ನ ಟ್ರಂಕಿನಲ್ಲಿ ಚೂಡಿದಾರ್ ಇರಲಿಲ್ಲ. ಒಂದಾದರೂ ಬೇಕು, ಅದು ಮಸ್ಕಿಯಲ್ಲಿ ಹೊಲಿದದ್ದರಂತೆ ಕಾಣಬಾರದು. ನನ್ನ ಬೇಡಿಕೆ ಇಷ್ಟೇ.

ಸಿಂಧನೂರಿನ ಸುದ್ದಿ ತಂದವಳು ಅವ್ವನೇ. ಕಾಲುವೆ ನೀರು ಬಂದ ಮೇಲೆ ಆ ಊರು ಕೇಳಿದ ಫ್ಯಾಷನ್ನೆಲ್ಲ ಬಸ್ಸು ಹತ್ತಿ ಬರುತ್ತಿತ್ತು. ಬಾಂಬೆಯ ಡಿಸೈನರ್ ಡ್ರೆಸ್ಸುಗಳ ಏಜೆಂಟನೊಬ್ಬ ಅಲ್ಲಿಯ ಲಾಡ್ಜಿನಲ್ಲಿ ಇಳಿದಿದ್ದ. ಅಂಗಡಿಯವರಿಗೆ ಸ್ಯಾಂಪಲ್ ತೋರಿಸಿ ಆರ್ಡರ್ ಬರೆದುಕೊಂಡಾಗಿತ್ತು. ಆ ಸ್ಯಾಂಪಲ್‌ಗಳನ್ನು ವಾಪಸ್ ಹೊತ್ತೊಯ್ಯುವ ಬದಲು ಅರ್ಧ ಬೆಲೆಗೆ ಮಾರುತ್ತಾನಂತೆ, ಅದೂ ಒಂದೇ ದಿನ.

ಅವ್ವ ಮುದಗಲ್ಲಿನ ಬಟ್ಟೆ ವ್ಯಾಪಾರಿಯ ಮಗಳು. ಬಟ್ಟೆ ಕೊಳ್ಳುವುದಕ್ಕೆ ಅವಳದೇ ಕಟ್ಟಳೆಗಳಿದ್ದವು. ಮೊದಲು ಒಳಮೈ ನೋಡಬೇಕು, ಆಮೇಲೆ ಹೊರಮೈ. ಮನಸ್ಸಿಗೆ ಬಂದದ್ದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಒಂದು ಎಳೆ ಕಿತ್ತು ಸುಟ್ಟು ನೋಡುವ ತನಕ ಅದು ಹತ್ತಿ ಎಂದು ನಂಬಬಾರದು. ಈ ಸಲ ಇನ್ನೊಂದನ್ನು ಸೇರಿಸಿದಳು. ನಮ್ಮ ಓಣಿಯ ಟೇಲರನನ್ನು ಜೊತೆಗೆ ಹೊರಡಿಸಿದಳು.

ಬಸ್ಸಿನಲ್ಲಿ ಅವನಿಗೆ ಪಾಠವಾಯಿತು.

“ಅಲ್ಲಿ ನೀ ಟೇಲರ್ ಅಂತ ಬಾಯಿ ಬಿಡಬ್ಯಾಡ. ಕಟಿಂಗ್ ಕದೀತಾರಂತ ಒಳಗ ಬಿಡಂಗಿಲ್ಲಂತ ಅವರು. ನನ್ನ ತಮ್ಮ ಅನ್ನು.”

“ಆತು ಬಿಡ್ರಿ ಅಕ್ಕಾರ. ತಮ್ಮ ಅಂದಮ್ಯಾಲೆ ಮಧ್ಯಾಹ್ನದ ಊಟ ನಿಮ್ಮದ.”

“ಮಿರ್ಚಿ ಭಜಿ ಕೊಡಸ್ತೀನಿ. ಊಟ ನಿನ್ನ ಹೇಂತಿ ಮಾಡಿಟ್ಟಿರ್ತಾಳ.”

ಲಾಡ್ಜಿನ ಕೋಣೆಯಲ್ಲಿ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಡ್ರೆಸ್ಸುಗಳನ್ನು ತೂಗುಹಾಕಿದ್ದರು. ಏಜೆಂಟ ಹುಬ್ಬಳ್ಳಿ ಕಡೆಯವನು, ನಗುಮುಖದವನು. ನಮ್ಮ ‘ತಮ್ಮ’ ಒಳಗೆ ಕಾಲಿಟ್ಟವನೇ ಮೊದಲ ಡ್ರೆಸ್ಸಿನ ತೋಳನ್ನು ಒಳಹೊರಗು ಮಾಡಿ ಹೊಲಿಗೆ ಎಣಿಸತೊಡಗಿದ.

“ಏನ್ರೀ, ಟೇಲರ್ ಏನು ನೀವು?” ಎಂದ ಏಜೆಂಟ.

“ಅಲ್ರಿ. ಇವರ ತಮ್ಮ.”

“ಕಿಸೆದಾಗಿಂದ ಟೇಪು ಜೋತುಬಿದ್ದೈತಿ ನೋಡ್ರಿ.”

ಅವ್ವ ತಿರುಗಿಯೂ ನೋಡದೆ ಹೇಳಿದಳು: “ನಮ್ಮ ಮನ್ಯಾಗ ಎಲ್ಲಾರೂ ಟೇಪ್ ಇಟ್ಕೊಂಡ ಅಡ್ಡಾಡ್ತೀವಿ.”

ಅವನು ನಕ್ಕು ಕುರ್ಚಿಯಲ್ಲಿ ಕೂತ. ಆದರೆ ಅವ್ವ ಸೆರಗಿನ ಗಂಟಿನಿಂದ ಕಡ್ಡಿಪೆಟ್ಟಿಗೆ ತೆಗೆದಾಗ ಕುರ್ಚಿಯಿಂದ ಎದ್ದೇಬಿಟ್ಟ. “ಅಮ್ಮಾರ, ಲಾಡ್ಜ್ ಸುಡಾಕ ಬಂದೀರೇನು?”

ಅವ್ವ ಎಳೆಯನ್ನು ಸುಟ್ಟು ಬೆರಳಲ್ಲಿ ತಿಕ್ಕಿ ತೋರಿಸಿದಳು. “ಬೂದಿ ಆತು. ಹತ್ತಿನ ಐತಿ. ನೀ ಸುಳ್ಳು ಹೇಳಿಲ್ಲ.”

ನನಗೆ ಬೇಕಾದದ್ದು ಬಾಗಿಲಲ್ಲಿ ನಿಂತಾಗಲೇ ಕಂಡಿತ್ತು. ಕತ್ತಿನ ಸುತ್ತ ಸಣ್ಣ ಕಸೂತಿ, ಮಂಡಿಯ ತನಕ ಬರುವ ಉದ್ದ. ಕಟ್ಟಳೆಯಂತೆ ಕೊನೆಗೆ ಮುಟ್ಟಿದೆ. ಅಲಮಾರಿಯ ಮರೆಯಲ್ಲಿ ಬ್ಲೌಸಿನ ಮೇಲೆಯೇ ಏರಿಸಿ ನೋಡಿದೆ. ಸ್ಯಾಂಪಲ್‌ಗಳೆಲ್ಲ ಒಂದೇ ಅಳತೆಯವು, ಅಂಗಡಿಯ ಗೊಂಬೆಗೆಂದು ಹೊಲಿದವು. ಮೈಗೇನೋ ಇಳಿಯಿತು, ಎತ್ತಿದ ಕೈಗಳು ಮಾತ್ರ ಕೆಳಗಿಳಿಯಲಿಲ್ಲ. ಶರಣಾದವಳಂತೆ ಹಾಗೆಯೇ ಹೊರಗೆ ಬಂದೆ.

ನಮ್ಮ ಟೇಲರ್ ಹೊಲಿದರೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಿದ್ದ. ಮೈ ತುಂಬಿದ ಹಾಗೆ ವರ್ಷವರ್ಷ ಬಿಚ್ಚಿಕೊಳ್ಳಬಹುದಿತ್ತು. ನಾನು ಕಳಚಿಕೊಟ್ಟ ಈ ಡ್ರೆಸ್ಸಿನ ಬಗಲನ್ನು ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, “ಬ್ಯಾಡ್ರಿ ಅಕ್ಕಾರ. ಒಳಗ ಬಟ್ಟೀನ ಬಿಟ್ಟಿಲ್ಲ” ಎಂದ.

“ರೆಡಿಮೇಡ್ ತಗೊಂಡ್ರ ನಿನ್ನ ಗಿರಾಕಿ ಹೋಗತೈತಲ್ಲ, ಅದಕ್ಕ ಬ್ಯಾಡ ಅಂತಿ,” ಎಂದೆ.

ಇದನ್ನು ಮನಸ್ಸಿನಲ್ಲಷ್ಟೇ ಅಂದುಕೊಂಡೆ ಎಂದು ಬಹಳ ವರ್ಷ ನಂಬಿದ್ದೆ. ಇಲ್ಲ, ಕೋಣೆಗೆಲ್ಲ ಕೇಳುವ ಹಾಗೆ ಅಂದಿ ಎನ್ನುತ್ತಾಳೆ ಅವ್ವ. ಬಣ್ಣದ ವಿಷಯದಲ್ಲಿ ಅವಳನ್ನು ನಂಬದವಳು ಇದರಲ್ಲಿ ನಂಬುತ್ತೇನೆ.

ಟೇಲರ್ ತೋಳನ್ನು ಮೊದಲಿನಂತೆ ಮಡಿಚಿದ. ಆಗ ಡ್ರೆಸ್ಸಿನ ಕೊರಳಿಗೆ ಕಟ್ಟಿದ್ದ ಒಂದು ರಟ್ಟು ಅವನ ಕಣ್ಣಿಗೆ ಬಿತ್ತು. ಈ ಡ್ರೆಸ್ಸು ಯಾವ ಯಾವ ಬಣ್ಣದಲ್ಲಿ ಸಿಗುತ್ತದೆಂದು ತೋರಿಸಲು ಅದೇ ಬಟ್ಟೆಯ ಅಂಗೈಯಗಲದ ತುಂಡುಗಳನ್ನು ಅಂಟಿಸಿದ್ದರು, ಬಣ್ಣಕ್ಕೊಂದರಂತೆ. ಅವನು ಅವ್ವನ ಕಿವಿಯಲ್ಲಿ ಏನೋ ಹೇಳಿದ. ಅವ್ವ ದುಡ್ಡು ಕೊಟ್ಟು ಮುಗಿಸಿ, ಸಂತೆಯಲ್ಲಿ ಬದನೆಕಾಯಿ ತೂಗಿಸಿದ ಮೇಲೆ ಮೇಲೊಂದಿಷ್ಟು ಕೊತ್ತಂಬರಿ ಕೇಳುವ ದನಿಯಲ್ಲೇ ಕೈ ಚಾಚಿದಳು.

“ಕೊಸರು ಕೊಡಪಾ.”

“ಡ್ರೆಸ್ಸಿಗೆ ಎಂಥಾ ಕೊಸರ್ರೀ ಅಮ್ಮಾರ?”

“ಆ ತುಂಡಿನ ರಟ್ಟು ಕೊಡು. ಆರ್ಡರ್ ಮುಗದೈತಿ, ನಿನಗ್ಯಾಕ ಬೇಕದು?”

ಅವನು ಕೊಟ್ಟುಬಿಟ್ಟ.

ಭಾನುವಾರ ಟೇಲರ್ ಎರಡೂ ಬಗಲು ಬಿಚ್ಚಿ ತುಂಡು ಕೂಡಿಸಿದ. ಬಲಕ್ಕೆ ಹಸಿರು ಸರಿಯಾಗಿ ಕೂತಿತು. ಎಡಕ್ಕೆ ಹಸಿರು ಉಳಿದಿರಲಿಲ್ಲ. ಉಳಿದದ್ದರಲ್ಲಿ ಅವನಿಗೆ ಒಪ್ಪಿಗೆಯಾದದ್ದು ಕೆಂಪು.

“ಎಡಗೈ ಎತ್ತಬ್ಯಾಡ ತಂಗಿ, ಯಾರಿಗೂ ಕಾಣಂಗಿಲ್ಲ,” ಎಂದವನು ದಾರ ಕಡಿಯುತ್ತಾ ಸೇರಿಸಿದ: “ನನ್ನ ಗಿರಾಕಿ ಎಲ್ಲೂ ಹೋಗಿಲ್ಲ ನೋಡು.”

ಆಗ ತಪ್ಪಾಯಿತು ಎಂದೆನೇ? ಅಂದಿದ್ದರೆ ನೆನಪಿರುತ್ತಿತ್ತು.

ಸೋಮವಾರ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಮೇಲೆ ನಿಂತಿದ್ದವನಿಗೆ ಟ್ರಂಕು ಕೊಡಲು ಎರಡೂ ಕೈ ಎತ್ತಿದೆ. ಹಿಂದೆ ಕಾಲೇಜಿಗೆ ಹೋಗುವ ಹುಡುಗಿಯರ ಗುಂಪಿತ್ತು. ಕೆಂಪು ನೆನಪಾಗುವಷ್ಟರಲ್ಲಿ ಟ್ರಂಕು ಮೇಲೇರಿತ್ತು. ಹಾಸ್ಟೆಲಿನಲ್ಲಿ ಮಾತ್ರ ಎಚ್ಚರವಾಗಿದ್ದೆ. ಸೀನಿಯರ್‌ಗಳು ನನ್ನನ್ನು ಗುರುತಿಟ್ಟುಕೊಳ್ಳಲಿಲ್ಲ. ಒಬ್ಬಳು ಕತ್ತಿನ ಕಸೂತಿ ಮುಟ್ಟಿ ನೋಡಿ ಎಲ್ಲಿಯದೆಂದು ಕೇಳಿದಳು. “ಬಾಂಬೆದು,” ಎಂದೆ, ಎಡಗೈ ಮೈಗಂಟಿಸಿಕೊಂಡು.

ದೀಪಾವಳಿಗೆ ಊರಿಗೆ ಬಂದೆ. ಲಿಂಗಸುಗೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ ಹಳದಿ ಚೂಡಿದಾರಿನ ಹುಡುಗಿಯೊಬ್ಬಳು ಮೇಲಿನ ಸರಳು ಹಿಡಿದು ನಿಂತಿದ್ದಳು. ಎಡ ಬಗಲು ಕೆಂಪು. ಹೇಳುವಾಗ ನಾನು ಮೂರು ನಾಲ್ಕು ಹುಡುಗಿಯರು ಎನ್ನುತ್ತೇನೆ, ಡೈರಿಯಲ್ಲಿರುವುದು ಒಬ್ಬಳೇ. ಬಲ ಬಗಲಲ್ಲೂ ತುಂಡು ಕೂಡಿಸಿತ್ತು, ಅದು ಹಸಿರು.

ಚೀಲ ಮನೆಯಲ್ಲಿಟ್ಟು ಟೇಲರನ ಅಂಗಡಿಗೆ ಹೋದೆ. ಗೋಡೆಗೆ ಇನ್ನೂ ನಾಲ್ಕು ತೂಗುತ್ತಿದ್ದವು, ಎಲ್ಲದರ ಬಗಲುಗಳೂ ಹಾಗೆಯೇ.

“ಇದೇನಿದು?”

“ಬಾಂಬೆ ಕಟಿಂಗ್, ತಂಗಿ. ನೀ ಟ್ರಂಕ್ ಎತ್ತಿದ್ದು ಎಲ್ಲಾ ಹುಡುಗ್ಯಾರು ನೋಡ್ಯಾರ. ಎರಡೂ ಬಗಲ ಒಂದ ಬಣ್ಣ ಹಾಕಿ ಹೊಲದಿದ್ದೆ. ಇದು ಅದಲ್ಲಂತ ವಾಪಸ್ ಕೊಟ್ರು.” ಮಷೀನಿನಿಂದ ತಲೆ ಎತ್ತದೆ ಕೇಳಿದ: “ನಿನಗೂ ಒಂದು ಹೊಲೀಲೇನು, ಇಲ್ಲಾ ರೆಡಿಮೇಡ ಬೇಕೇನು?”

“ನೀನ ಹೊಲಿ,” ಎಂದೆ.

ಅವನು ಟೇಪು ತೆಗೆದ. “ಎಡ ಬಗಲ?”

“ಕೆಂಪ ಇರಲಿ,” ಎಂದು ಅಳತೆಗೆ ಎರಡೂ ಕೈ ಎತ್ತಿ ನಿಂತೆ.