ತಂತಿ ಬರುವವರೆಗೆ ಗುಡಿಸದ ಮನೆ

ಲಂಡನ್ನಿನಿಂದ ಮುಂಬೈಗೆ ಒಂಬತ್ತು ಗಂಟೆ ಎಂದು ಫೋನು ತೋರಿಸುತ್ತಿದೆ. ಚಿಕ್ಕಮ್ಮ ಊರಿಗೆ ಬರುತ್ತಿದ್ದಾಳೆ. ಶೇಂಗಾ ಸುಲಿದು ತಿನ್ನುತ್ತಾ ಪರದೆಯ ಮೇಲಿನ ಪುಟ್ಟ ವಿಮಾನವನ್ನೇ ನೋಡುತ್ತಿದ್ದೇನೆ.

ನರ್ಸ್ ಕೆಲಸಕ್ಕೆಂದು ಅವಳು ಮೊದಲ ಸಲ ಅಲ್ಲಿಗೆ ಹೊರಟಾಗಲೂ ಇದೇ ಒಂಬತ್ತು ಗಂಟೆಯ ಮಾತು. ಧರ್ಮಪುರದ ನಮ್ಮಜ್ಜಿ ನಂಬಲಿಲ್ಲ.

"ದುರ್ಗಕ್ಕೆ ಹೋಗಿ ಬರಾಕೇ ಒಂದು ದಿನ ಬೇಕು. ಸಮುದ್ರ ದಾಟಾಕೆ ಒಂಬತ್ತು ತಾಸು ಸಾಕೇನೇ? ಮುಟ್ಟಿದೆ ಅಂತ ತಂತಿ ಬರೋಗಂಟ ಯಾರೂ ಪೊರಕೆ ಮುಟ್ಟಂಗಿಲ್ಲ" ಎಂದು ಅಮ್ಮನಿಗೆ ಹೇಳಿದಳು. ಊರಿಗೆ ಹೋದವರು ತಲುಪುವ ಮೊದಲೇ ಕಸ ಗುಡಿಸಿದರೆ ಅವರನ್ನೇ ಗುಡಿಸಿ ಹಾಕಿದಂತೆ ಎಂಬ ನಂಬಿಕೆ ನಮ್ಮಲ್ಲಿ.

ಅದು ಬಿತ್ತನೆಗೆ ಶೇಂಗಾ ಸುಲಿಯುವ ಕಾಲ. ಪಡಸಾಲೆ ತುಂಬ ಸಿಪ್ಪೆ. ದಿನಗಳೇ ಕಳೆದರೂ ತಂತಿ ಬರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ದಡಾರನೆ ತೆರೆದು ಗಾಳಿ ನುಗ್ಗಿತು, ಸಿಪ್ಪೆಯನ್ನೆಲ್ಲ ಎತ್ತಿ ಬೀದಿಗೆ ಎಳೆದೊಯ್ದಿತು. ಯಾರೂ ಪೊರಕೆ ಮುಟ್ಟಿರಲಿಲ್ಲ, ಆದರೂ ನೆಲ ಗುಡಿಸಿಟ್ಟಂತೆ ಬೋಳಾಗಿತ್ತು.

"ಬಾಚ್ಕಂಡು ಬರ್ರೇ!" ಎಂದು ಚೀರುತ್ತಾ ಅಜ್ಜಿ ಬೀದಿಗೆ ಓಡಿದಳು. ಅಮ್ಮ ಸೆರಗಿನಲ್ಲಿ, ನಾನು ಲಂಗದಲ್ಲಿ ಸಿಪ್ಪೆ ತುಂಬಿ ತಂದು ಮತ್ತೆ ಪಡಸಾಲೆಗೆ ಸುರಿದೆವು.

"ಅಮ್ಮ, ಚಿಕ್ಕಮ್ಮ ಮೇಲಿಂದ ಬಿದ್ದುಬಿಟ್ಲಾ?" ಎಂದೆ. ಅಮ್ಮ ನನ್ನ ಬಾಯಿ ಮುಚ್ಚಿದಳು.

ತಂತಿ ಮರುದಿನ ಬಂತು. ಅಜ್ಜಿ ಅಳುತ್ತಲೇ ಮನೆಯೆಲ್ಲ ಗುಡಿಸಿದಳು.

ಪುಟ್ಟ ವಿಮಾನ ಇನ್ನೂ ಯಾವುದೋ ಮರಳುಗಾಡಿನ ಮೇಲಿದೆ. ನನ್ನ ಕಾಲ ಬಳಿ ಶೇಂಗಾ ಸಿಪ್ಪೆಯೊಂದು ಅಲುಗಿ ಬಾಗಿಲ ಕಡೆ ಸರಿಯಿತು. ಎದ್ದು ಫ್ಯಾನು ಆರಿಸಿದೆ.