ಪೂಜೆಯ ಹೊತ್ತಿನ ಕುದುರೆ ನಡೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಂದಿಗುಡಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಪರಿಚಿತರು.

“ಹರಿಹರದಾಗೆ ಒಬ್ರು ಅದಾರ್ರೀ. ಪೂಜೆ ಹೊತ್ನಾಗೆ ಫೋನ್ ಮುಟ್ಟಲ್ಲ ಅಂತಾರೆ. ನಮ್ಮ ಭಾವ ದಾವಣಗೆರೆಯಾಗೆ ಕೂತು ಮೊಬೈಲ್‌ ಚೆಸ್‌ನಾಗೆ ಅವರ ಆನೆ ಹೊಡೆದರೆ, ಪೂಜೆ ಹೊತ್ನಾಗೇ ಅವರ ಕುದುರೆ ಬಂದು ತಿಂತಂತೆ!”

ಆ ಹರಿಹರದವನು ನಾನೇ. ಹೊರಟಿದ್ದೂ ನಂದಿಗುಡಿ ಮಠಕ್ಕೇ.

“ಅದು ನಾನೇರೀ. ಫೋನ್ ದೇವರ ಕೋಣೆ ಹೊರಗಿತ್ತು,” ಎಂದೆ. “ಆನೆ ಹೊಡೆದರೆ ಕುದುರೆಯಿಂದ ಹೊಡಿ ಅಂತ ಹಿಂದಿನ ದಿನವೇ ಫೋನಿಗೆ ಹೇಳಿಟ್ಟರೆ ಅದೇ ಆಡ್ತೈತೆ. ಷರತ್ತಿನ ನಡೆ ಅಂತಾರೆ.”

ಅವರು ನನ್ನ ಹಣೆಯ ವಿಭೂತಿಯನ್ನು ನಿಧಾನವಾಗಿ ನೋಡಿದರು. “ಪೂಜೇನೂ ಹಂಗೇ ಹೇಳಿಟ್ಟಿದ್ರೇನ್ರೀ?”

ನಾನು ಕಿಟಕಿಯ ಕಡೆ ತಿರುಗಿದೆ.

ಅವರ ಕತೆ ಈಗಾಗಲೇ ಮಠ ಮುಟ್ಟಿರಬೇಕು. ಇದನ್ನು ಓದಿದವರು ದಯವಿಟ್ಟು ನನ್ನ ಕತೆಯನ್ನೂ ಅಲ್ಲಿಗೆ ಮುಟ್ಟಿಸಿ, ಆ ಕೊನೆಯ ಪ್ರಶ್ನೆಯೊಂದನ್ನು ಬಿಟ್ಟು.